ಒಂದಂಕಿ ತಪ್ಪಿದ ಬಂದೂಕು

ಬಂದೂಕು ಮಾರುವುದು ಇಷ್ಟು ಕಷ್ಟವೆಂದು ಗೊತ್ತಿದ್ದರೆ, ಅದನ್ನು ಕೊಳ್ಳಲು ಹೊರಟ ದಿನವೇ ಟೈಲರಮ್ಮ ಗಂಡನ ಜೇಬಿಗೆ ಹೊಲಿಗೆ ಹಾಕಿಬಿಡುತ್ತಿದ್ದಳು. ಅವಳು ಹಳೇ ಸೈಕಲ್ ಮಾರಿದ್ದಾಳೆ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ ಮಾರಿದ್ದಾಳೆ, ಬಾಗಿಲೇ ಮುಚ್ಚದ ಬೀರುವೊಂದನ್ನು ನಗುನಗುತ್ತಾ ಪಕ್ಕದ ಬೀದಿಯವರಿಗೆ ದಾಟಿಸಿದ್ದಾಳೆ. ಅದಕ್ಕೆಲ್ಲಾ ನಾಲ್ಕು ಒಳ್ಳೆಯ ಮಾತು ಸಾಕಾಗಿತ್ತು. ಬಂದೂಕಿಗೆ ಮಾತು ಸಾಲದು. ಮಾರುವವರ ಲೈಸೆನ್ಸು, ಕೊಳ್ಳುವವರ ಲೈಸೆನ್ಸು, ಇಬ್ಬರ ಫೋಟೊ, ಇಬ್ಬರು ಸಾಕ್ಷಿಗಳು, ಬಂದೂಕಿನ ಜಾತಕವನ್ನೇ ಬರೆದಂಥ ಮಾರಾಟ ಪತ್ರದ ಮೂರು ಪ್ರತಿ, ಅದರ ಮೇಲೆ ಲೈಸೆನ್ಸ್ ಕಚೇರಿಯ ಅಧಿಕಾರಿಯ ಸಹಿ.

"ನನ್ನ ಮದುವೆ ಮಾಡುವಾಗ ನಮ್ಮಪ್ಪ ನಿಮ್ಮ ಬಗ್ಗೆ ಇಷ್ಟು ವಿಚಾರಿಸಿರಲಿಲ್ಲ" ಎಂದು ಅವಳು ಗೊಣಗಿದಳು.

"ವಿಚಾರಿಸಿದ್ರೆ ಕೊಡ್ತಿದ್ರಾ?" ಎಂದರು ಗಂಡ.

ಗಂಡ ಎಂದರೆ ಬೀದಿಗೆಲ್ಲಾ 'ಡ್ರೈವರು'. ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಕುಡಿತವಿಲ್ಲ, ಇಸ್ಪೀಟಿಲ್ಲ. ರಜೆಯ ದಿನ ರೈಫಲ್ ಕ್ಲಬ್ಬಿಗೆ ಹೋಗಿ, ಹೊಟ್ಟೆಯ ಮೇಲೆ ಮಲಗಿ, ಐವತ್ತು ಮೀಟರ್ ದೂರದ ಕಾಗದದ ಬೊಟ್ಟಿಗೆ ಗುಂಡು ಹೊಡೆಯುವುದೊಂದೇ ಚಟ. ಒಂದು ಹಕ್ಕಿಯನ್ನೂ ಕೊಂದವರಲ್ಲ. ಎರಡು ವರ್ಷದಿಂದ ಕಣ್ಣಿನ ನರ ಸೊರಗುತ್ತಾ ಬಂದು ಈಗ ಎದುರಿಗೆ ನಿಂತವರ ಮುಖವೂ ಮಸುಕು. ಈ ಸಲ ಲೈಸೆನ್ಸ್ ನವೀಕರಣಕ್ಕೆ ಕಣ್ಣಿನ ಡಾಕ್ಟರ ಚೀಟಿ ಕೇಳಿದರು. ಡಾಕ್ಟರು ಕೊಡಲಿಲ್ಲ. ಕಚೇರಿಯಿಂದ ಕಾಗದ ಬಂತು: ತೊಂಬತ್ತು ದಿನದೊಳಗೆ ಲೈಸೆನ್ಸ್ ಇರುವವರಿಗೆ ಕಾನೂನು ಪ್ರಕಾರ ಮಾರಬೇಕು, ಇಲ್ಲವೇ ಠಾಣೆಗೆ ಒಪ್ಪಿಸಬೇಕು. ಆಮೇಲೂ ಮನೆಯಲ್ಲಿದ್ದರೆ ಅಪರಾಧ.

ಠಾಣೆಗೆ ಒಪ್ಪಿಸಲು ಡ್ರೈವರು ಸುತರಾಂ ಒಪ್ಪಲಿಲ್ಲ. ಅಲ್ಲಿ ತುಕ್ಕು ಹಿಡಿಯುತ್ತದೆ, ಗುರಿ ಇರುವವರ ಕೈಗೇ ಕೊಡುತ್ತೇನೆ ಎಂದು ಹಟ ಹಿಡಿದರು. ಬಂದವರಿಗೆಲ್ಲಾ ಒಂದೊಂದು ಕೊಂಕು ತೆಗೆದು ಎಂಬತ್ತೊಂದು ದಿನ ಕಳೆದರು. ಒಬ್ಬನ ಕೈ ನಡುಗುತ್ತದಂತೆ, ಇನ್ನೊಬ್ಬ ಬಾಯಿಬಡುಕನಂತೆ. ಇನ್ನು ಒಂಬತ್ತು ದಿನ ಉಳಿದಾಗ ಕ್ಲಬ್ಬಿನ ಹಲ್ಲಿನ ಡಾಕ್ಟರಮ್ಮ ಕೇಳಿದಳು, ಇವರು ಹೂಂ ಎಂದರು. ಟೈಲರಮ್ಮನಿಗೆ ಅರ್ಧ ಜೀವ ಬಂತು.

ಡಾಕ್ಟರಮ್ಮ ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ನೇರವಾಗಿ ಬಂದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಾರಾಟ ಪತ್ರ ಹರಡಿದಳು. ಎಲ್ಲಾ ಟೈಪಾಗಿತ್ತು, ನಂಬರಿನ ಜಾಗ ಮಾತ್ರ ಖಾಲಿ.

"ಲೈಸೆನ್ಸಲ್ಲಿ ಇದೆಯಲ್ಲ, ನೋಡಿ ಬರೀರಿ" ಎಂದಳು ಟೈಲರಮ್ಮ.

"ಬಂದೂಕು ನೋಡೇ ಬರೀತೀನಿ ಆಂಟಿ. ಚೀಟೀಲಿ ಎಡಗಡೆ ಹಲ್ಲು ಅಂತ ಬರೆದಿರುತ್ತೆ, ಬಾಯಿ ತೆಗೆಸಿದ್ರೆ ಹುಳುಕು ಬಲಗಡೆ ಇರುತ್ತೆ. ನಾನು ನೋಡದೆ ಯಾವ ಹಲ್ಲನ್ನೂ ಕೀಳಲ್ಲ."

ಡ್ರೈವರು ಬೀರು ತೆಗೆದು, ಗವಸು ಬಿಚ್ಚಿ, ರೈಫಲ್ಲನ್ನು ಹೊರತೆಗೆದರು. ಕಣ್ಣು ಕಾಣದಿದ್ದರೂ ಕೈ ಮರೆತಿರಲಿಲ್ಲ. ಒಳಗೆ ಗುಂಡಿಲ್ಲವೆಂದು ಬೆರಳು ಹಾಕಿ ನೋಡಿ, ಅವಳಿಗೂ ತೋರಿಸಿ, ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು. ನಂಬರು ಇರುವುದು ನಳಿಗೆ ಮರಕ್ಕೆ ಸೇರುವ ಕಡೆ, ಅಡಿಭಾಗದಲ್ಲಿ. ಡಾಕ್ಟರಮ್ಮ ಚೀಲದಿಂದ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ತೆಗೆದು, ಟಾರ್ಚು ಬಿಟ್ಟು, ದವಡೆ ಹಲ್ಲು ನೋಡುವಂತೆ ಬಗ್ಗಿ ನೋಡಿದಳು. ಆಮೇಲೆ ಕನ್ನಡಿ ಬದಿಗಿಟ್ಟು, ರೈಫಲ್ಲನ್ನು ತಿರುಗಿಸಿ, ಬರಿಗಣ್ಣಲ್ಲಿ ಇನ್ನೊಮ್ಮೆ ನೋಡಿದಳು.

"ಲೈಸೆನ್ಸಲ್ಲಿ ಕೊನೆಗೆ ಏನಿದೆ ಆಂಟಿ?"

"ಎರಡು ಎಂಟು ನಾಲ್ಕು ಆರು."

"ಇಲ್ಲಿ ಎರಡು ಎಂಟು ನಾಲ್ಕು ಏಳು."

ಟೈಲರಮ್ಮ ತಾನೂ ನೋಡಿದಳು. ಏಳೇ. ಉಕ್ಕಿನಲ್ಲಿ ಕೊರೆದ, ಯಾವ ಅನುಮಾನಕ್ಕೂ ಜಾಗವಿಲ್ಲದ ಏಳು.

"ಒಂದಂಕಿ ತಾನೆ ಡಾಕ್ಟ್ರೇ. ಆರು ಅಂತಲೇ ಬರೆದುಬಿಡಿ. ಇಷ್ಟು ವರ್ಷ ಯಾರೂ ನೋಡಿಲ್ಲ, ಇನ್ನು ಯಾರು ನೋಡ್ತಾರೆ?" ಹೇಳುವಾಗಲೇ ಅವಳಿಗೆ ನಾಚಿಕೆಯಾಯಿತು, ಆದರೂ ಹೇಳಿಬಿಟ್ಟಳು.

ಡಾಕ್ಟರಮ್ಮನಿಗೆ ಕೋಪ ಬರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದಳು. "ಹಾಗೆ ಬರೆದ್ರೆ ಸುಳ್ಳು ನಂಬರಿನ ಬಂದೂಕು ನನ್ನ ಹೆಸರಿಗೆ ಬರುತ್ತೆ. ಅದು ಬಿಡಿ. ಈ ಏಳರ ಬಂದೂಕು ಎಲ್ಲಾದ್ರೂ ಕಳುವಾಗಿದ್ದು ಅಂತ ಇದ್ರೆ? ಈಗಿನ ಲೆಕ್ಕಕ್ಕೆ ಅಂಕಲ್ ಮನೇಲಿರೋದು ಲೈಸೆನ್ಸೇ ಇಲ್ಲದ ಬಂದೂಕು. ಅದಕ್ಕೆ ಜೈಲಿದೆ ಆಂಟಿ. ಇದು ಎಲ್ಲಿಂದ ಬಂತು ಅಂತ ಮೊದಲು ತಿಳ್ಕೊಳ್ಳಿ. ಕೊನೇ ದಿನದವರೆಗೂ ನಾನು ಕಾಯ್ತೀನಿ."

ಅವಳು ಹೋದ ಮೇಲೆ ಮನೆ ಬಿಕೋ ಎಂದಿತು. ಠಾಣೆಗೆ ಒಪ್ಪಿಸಿದರೂ ಅಲ್ಲಿ ನಂಬರು ನೋಡುತ್ತಾರೆ. ಮಾರಿದರೂ ಸಿಕ್ಕಿಬೀಳುತ್ತಾರೆ, ಮನೆಯಲ್ಲಿಟ್ಟುಕೊಂಡರೂ ಸಿಕ್ಕಿಬೀಳುತ್ತಾರೆ. ಇತ್ತ ದರಿ ಅತ್ತ ಪುಲಿ. ಅರವತ್ತೆಂಟು ವಯಸ್ಸಿನ, ಎದುರಿನ ಮೆಟ್ಟಿಲು ಕಾಣದ ಮನುಷ್ಯನನ್ನು ಯಾರೋ ರಟ್ಟೆ ಹಿಡಿದು ಕೋರ್ಟಿನ ಕಟಕಟೆಗೆ ಹತ್ತಿಸುವುದು ಅವಳ ಕಣ್ಣ ಮುಂದೆ ಬಂತು. ಅಷ್ಟು ವರ್ಷ ಬಸ್ಸು ಓಡಿಸಿ ಒಂದು ನಾಯಿಗೂ ತಾಗಿಸದ ಮನುಷ್ಯ.

"ಅಂಗಡಿಯವನು ಬಿಲ್ಲಲ್ಲಿ ತಪ್ಪು ಬರೆದಿರ್ತಾನೆ" ಎಂದರು ಡ್ರೈವರು. ಆಮೇಲೆ ತಮ್ಮಷ್ಟಕ್ಕೆ, "ಎಳ್ಕೊಂಡು ಹೋಗೋದಾದ್ರೆ ಹೋಗ್ಲಿ ಬಿಡು" ಎಂದರು.

ಮರುದಿನ ಬಿಲ್ಲು ಹಿಡಿದು ಬಂದೂಕಿನಂಗಡಿ ಹುಡುಕಿಕೊಂಡು ಹೋದಳು. ಅಲ್ಲಿ ಚಪ್ಪಲಿ ಅಂಗಡಿಯಾಗಿತ್ತು. ಹಳೆಯ ಮಾಲೀಕ ಎಲ್ಲಿ ಎಂದರೆ ಅಂಗಡಿಯ ಕೆಲಸದ ಹುಡುಗಿ ಮೇಲೆ ನೋಡಿದಳು. ಮಹಡಿಯ ಮೇಲಿದ್ದಾನೆಂದು ಟೈಲರಮ್ಮ ಮೆಟ್ಟಿಲು ಹುಡುಕತೊಡಗಿದ ಮೇಲೆ, "ಹಂಗಲ್ಲ ಅಮ್ಮ, ಹೋಗ್ಬಿಟ್ರು" ಎಂದಳು. ಹೀಗೆ ಮೂರು ದಿನ ಅಲ್ಲಿ ಇಲ್ಲಿ ತಿರುಗಿ ಕಾಲು ನೋಯಿಸಿಕೊಂಡದ್ದಷ್ಟೇ ಬಂತು.

ನಾಲ್ಕನೆಯ ದಿನ ಬೇರೇನೂ ತೋಚದೆ ಬಂದೂಕಿನ ಗವಸು ಒಗೆಯಲು ಕುಳಿತಳು. ಜೈಲಿಗೆ ಹೋದರೂ ಗವಸು ಕೊಳೆಯಿರಬಾರದು ಎನ್ನುವ ಹೆಂಗಸು ಅದು. ದಪ್ಪ ಹಸಿರು ಕ್ಯಾನ್ವಾಸು, ಒಳಗೆ ಮೆತ್ತನೆಯ ಬಟ್ಟೆ, ಅವಳೇ ಹೊಲಿದದ್ದು. ಸೋಪು ಹಚ್ಚಲು ಒಳಮೈ ಹೊರಗೆ ತಿರುವಿದಳು. ತಿರುವಿದವಳು ಹಾಗೇ ಕುಳಿತಳು.

ತೇಪೆ ಎಲ್ಲಿ?

ಮಾರಾಟದ ಕಥೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಟೈಲರಮ್ಮನ ತೇಪೆ ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹನ್ನೆರಡು ವರ್ಷದ ಹಿಂದೆ ಬಂದೂಕು ಕೊಂಡವರು ಡ್ರೈವರೊಬ್ಬರೇ ಅಲ್ಲ. ಮೂರು ಬೀದಿ ಆಚೆಯ ಪೋಸ್ಟ್‌ಮಾಸ್ಟರೂ ಕೊಂಡಿದ್ದರು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಂಥ ಸ್ನೇಹಿತರು. ಒಂದೇ ಅಂಗಡಿ, ಒಂದೇ ದಿನ, ಒಂದೇ ಮಾದರಿ. ಎರಡಕ್ಕೂ ಗವಸು ಹೊಲಿಯುವುದು ಟೈಲರಮ್ಮನ ಪಾಲಿಗೆ ಬಂತು. ಒಂದೇ ತುಂಡು ಬಟ್ಟೆಯಲ್ಲಿ ಎರಡು ತೆಗೆಯಲು ಹೋಗಿ ಒಳಬಟ್ಟೆ ಗೇಣುದ್ದ ಸಾಲದೆ ಬಂತು. ಯಾರದೋ ಅಂಗಿಯ ನೀಲಿ ಚೂರು ಸೇರಿಸಿ ಒಂದಕ್ಕೆ ತೇಪೆ ಹಾಕಿದಳು. ತೇಪೆ ಹಾಕಿದ್ದು ಮನೆಗೆ, ಚೊಕ್ಕವಾಗಿದ್ದು ಹೊರಗಿನವರಿಗೆ; ಅವಳ ಕಸುಬಿನಲ್ಲಿ ಇದಕ್ಕೆ ಎರಡನೆಯ ಮಾತಿಲ್ಲ. ಮನೆಯವರ ಬಟ್ಟೆಗೆಲ್ಲಾ ಒಳಗೊಂದು ತೇಪೆ ಇದ್ದೇ ಇರುತ್ತದೆ. ಗಂಡನಿಗೆ ಇದನ್ನು ಹೇಳಿರಲಿಲ್ಲ. ಹೇಳುವಂಥದ್ದೂ ಅಲ್ಲ.

ಈಗ ಅವಳ ಕೈಯಲ್ಲಿದ್ದ ಗವಸಿಗೆ ತೇಪೆಯೇ ಇಲ್ಲ. ಅಂದರೆ ಇದು ಪೋಸ್ಟ್‌ಮಾಸ್ಟರ ಗವಸು. ಗವಸು ಅವರದಾದರೆ ಒಳಗಿದ್ದ ಬಂದೂಕು?

ಅವಳಿಗೆ ದಿನ ಸಮೇತ ನೆನಪಾಯಿತು. ಬಂದೂಕು ಕೊಂಡು ಎಂಟು ತಿಂಗಳೂ ಆಗಿರಲಿಲ್ಲ, ಚುನಾವಣೆ ಬಂತು. ಚುನಾವಣೆ ಮುಗಿಯುವವರೆಗೆ ಎಲ್ಲರೂ ಬಂದೂಕನ್ನು ಠಾಣೆಯಲ್ಲಿಡಬೇಕೆಂದು ಆಜ್ಞೆಯಾಗಿ, ಇಬ್ಬರೂ ಒಟ್ಟಿಗೆ ಇಟ್ಟು ಬಂದರು, ಮುಗಿದ ಮೇಲೆ ಒಟ್ಟಿಗೆ ತಂದರು. ಒಂದೇ ಬಣ್ಣದ ಎರಡು ಗವಸು ನೋಡಿ ಪೇದೆ ಯಾವುದನ್ನು ಯಾರಿಗೆ ಕೊಟ್ಟನೋ, ಇವರು ಯಾವುದನ್ನು ಹೆಗಲಿಗೇರಿಸಿದರೋ. ಅದಾದ ವಾರಕ್ಕೆ ಕ್ಲಬ್ಬಿನ ಪಂದ್ಯ. ಕಣ್ಣುಮುಚ್ಚಿ ಹೊಡೆದರೂ ಬೊಟ್ಟಿಗೆ ತಾಗಿಸುವ ಇಬ್ಬರೂ ಅಂದು ಹತ್ತಕ್ಕೆ ಹತ್ತು ತಪ್ಪಿದರು. ಇವರ ಗುಂಡೆಲ್ಲ ಎಡಕ್ಕೆ ಕೆಳಗೆ, ಅವರದೆಲ್ಲ ಬಲಕ್ಕೆ ಮೇಲೆ. ಗುರಿ ಹಿಡಿಯುವ ಸೈಟನ್ನು ಪ್ರತಿಯೊಬ್ಬರೂ ತಮ್ಮ ಕಣ್ಣಿಗೆ ತಕ್ಕಂತೆ ತಿರುಗಿಸಿಕೊಂಡಿರುತ್ತಾರೆ. ನನ್ನ ಸೈಟು ನೀನು ಮುಟ್ಟಿದ್ದೀಯ ಎಂದು ಇವರು, ನೀನು ಮುಟ್ಟಿದ್ದೀಯ ಎಂದು ಅವರು. ಕ್ಲಬ್ಬಿನವರೆಲ್ಲರ ಎದುರು ಬಾಯಿಗೆ ಬಂದದ್ದನ್ನು ಆಡಿಕೊಂಡರು. ಆಮೇಲೆ ಸೈಟನ್ನು ಇಬ್ಬರೂ ಸರಿ ಮಾಡಿಕೊಂಡರು, ಮನಸ್ಸನ್ನು ಸರಿ ಮಾಡಿಕೊಳ್ಳಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದುಂಟೇ? ಹನ್ನೊಂದು ವರ್ಷವಾಯಿತು, ಮಾತಿಲ್ಲ.

ಟೈಲರಮ್ಮ ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗಂಡನಿಗೂ ಹೇಳದೆ, ಒದ್ದೆ ಗವಸನ್ನು ಚೀಲದಲ್ಲಿಟ್ಟುಕೊಂಡು ಹೊರಟಳು.

ಪೋಸ್ಟ್‌ಮಾಸ್ಟರು ಒಂಟಿ ಮನುಷ್ಯ. ನಿವೃತ್ತಿಯಾಗಿದ್ದರೂ ಕೋಣೆ ಇನ್ನೂ ಅಂಚೆ ಕಚೇರಿಯಂತೆಯೇ ಇತ್ತು. ಗೋಡೆಗೆ ಗೂಡು ಗೂಡಿನ ಮರದ ಕಪಾಟು, ಪ್ರತಿ ಗೂಡಿಗೂ ಚೀಟಿ: ನೀರಿನ ಬಿಲ್ಲು, ಔಷಧಿ, ಲೈಸೆನ್ಸು, ಇತರೆ. ಬಾಗಿಲು ತೆಗೆದವರು ಅವಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಏನು ತಂಗಿ, ದಾರಿ ತಪ್ಪಿ ಬಂದ್ಯಾ?"

"ದಾರಿ ತಪ್ಪಿದ್ದು ನಾನಲ್ಲ ಅಣ್ಣ, ಬಂದೂಕು. ನಿಮ್ಮ ಬಂದೂಕಿನ ನಂಬರ್ ಎಷ್ಟು?"

"ಅದು ನನಗೆ ಬಾಯಿಪಾಠ. ಕೊನೆಗೆ ಎರಡು ಎಂಟು ನಾಲ್ಕು ಏಳು. ಯಾಕೆ?"

"ಅದು ನಮ್ಮ ಮನೇಲಿದೆ."

ಅವರಿಗೆ ಅರ್ಥವಾಗಲಿಲ್ಲ. ಟೈಲರಮ್ಮ ಒದ್ದೆ ಗವಸು ತೆಗೆದು, ಒಳಮೈ ತಿರುವಿ ತೋರಿಸಿ, ತೇಪೆಯ ಕಥೆ ಹೇಳಿದಳು. ಪೋಸ್ಟ್‌ಮಾಸ್ಟರು ಒಳಗೆ ಹೋಗಿ ತಮ್ಮ ಬಂದೂಕು ತಂದರು. ಗವಸು ಬಿಚ್ಚಿ ತಿರುವಿದರೆ ಗೇಣುದ್ದದ ನೀಲಿ ತೇಪೆ, ಅವಳದೇ ಹೊಲಿಗೆ. ಭೂತಗನ್ನಡಿ ಹಿಡಿದು ಉಕ್ಕಿನ ಮೇಲಿನ ಅಂಕಿ ನೋಡಿದರು. ಎರಡು, ಎಂಟು, ನಾಲ್ಕು. ಕೊನೆಯದನ್ನು ಬಾಯಿಬಿಟ್ಟು ಓದದೆ ಕುರ್ಚಿಯ ಮೇಲೆ ಕುಸಿದರು.

"ಒಂದಂಕಿ ತಪ್ಪಿದ ವಿಳಾಸದ ಕಾಗದ ನಾನು ಯಾವತ್ತೂ ಮುಂದೆ ಕಳಿಸಿದವನಲ್ಲ ತಂಗಿ" ಎಂದರು ಕೊನೆಗೆ. "ಲೈಸೆನ್ಸಲ್ಲಿ ನೋಡಿ ಬಾಯಿಪಾಠ ಮಾಡಿದೆ. ಬಂದೂಕಲ್ಲಿ ನೋಡೇ ಇಲ್ಲ."

ಊರಿಗೆಲ್ಲಾ ಬುದ್ಧಿ ಹೇಳುವವರ ಗತಿಯೇ ಇಷ್ಟು. ಆದರೆ ಟೈಲರಮ್ಮನಿಗೆ ನಗಲು ಪುರಸೊತ್ತಿರಲಿಲ್ಲ. "ಅಣ್ಣ, ಸಂಜೆ ನಿಮ್ಮದನ್ನ ತಂದು ಕೊಟ್ಟುಬಿಡ್ತೀನಿ, ನಮ್ಮದು ಕೊಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಯಾರಿಗೂ ಗೊತ್ತಾಗಲ್ಲ."

"ಬಂದೂಕು ಹಿಡ್ಕೊಂಡು ಮೂರು ಬೀದಿ ದಾಟ್ತೀಯಾ? ಲೈಸೆನ್ಸು ನಿನ್ನ ಹೆಸರಲ್ಲಿದೆಯಾ?"

ಅವಳು ಒದ್ದೆ ಗವಸನ್ನು ಮಡಿಸಿ ಮತ್ತೆ ಚೀಲಕ್ಕೆ ತುರುಕಿದಳು.

ಪೋಸ್ಟ್‌ಮಾಸ್ಟರು ಎದ್ದು 'ಲೈಸೆನ್ಸು' ಎಂಬ ಗೂಡಿನಿಂದ ಹಳದಿಗಟ್ಟಿದ ರಸೀದಿಯೊಂದನ್ನು ತೆಗೆದರು. ಹನ್ನೊಂದು ವರ್ಷದ ಹಿಂದಿನದು, ಠಾಣೆಯದು. 'ಸಂಖ್ಯೆಯನ್ನು ಪರಿಶೀಲಿಸಿ ಪಡೆದಿರುತ್ತೇನೆ' ಎಂಬ ಸಾಲಿನ ಕೆಳಗೆ ಅವರ ದುಂಡು ಸಹಿ. ಅದನ್ನು ಹೊರಗೆ ತಂದರೆ ತಪ್ಪು ಅವರ ತಲೆಗೂ ಸುತ್ತಿಕೊಳ್ಳುತ್ತದೆ. ಅವರ ಲೈಸೆನ್ಸೂ ಹೋಗಬಹುದು, ಕೇಸೂ ಆಗಬಹುದು. ಬಾಗಿಲು ಹಾಕಿಕೊಂಡು ನನಗೇನೂ ಗೊತ್ತಿಲ್ಲ ಎಂದರೆ ಕೇಳುವವರಾರು? ಟೈಲರಮ್ಮ ಅವರ ಮುಖವನ್ನೇ ನೋಡುತ್ತಾ ನಿಂತಳು.

"ತಪ್ಪಾಗಿದೆ. ತಪ್ಪಾಗಿದೆ ಅಂತಲೇ ಬರೆಯೋಣ" ಎಂದರು. "ಅವನು ಸಹಿ ಹಾಕ್ತಾನಾ? ಅದು ಹೇಳು."

ಮನೆಗೆ ಬಂದು ಗಂಡನಿಗೆ ಎಲ್ಲಾ ಹೇಳಿದಳು, ತೇಪೆಯನ್ನೂ ಸೇರಿಸಿ. ಕೂಗಾಡುತ್ತಾರೆಂದುಕೊಂಡಿದ್ದಳು. ಅವರು ಗವಸನ್ನು ಇಸಿದುಕೊಂಡು ಒಳಮೈಯನ್ನು ಬೆರಳಲ್ಲಿ ತಡವಿ ನೋಡಿದರು.

"ಹಂಗಾದ್ರೆ ಆ ಪಂದ್ಯದ ದಿನ ನನ್ನ ಕೈಲಿದ್ದಿದ್ದು ಅವನ ಬಂದೂಕು."

"ಹೂಂ ಮತ್ತೆ."

"ಅವನ ಸೈಟು."

"ಅದೇ ಹೇಳ್ತಿರೋದು."

"ಬರಕ್ಕೆ ಹೇಳು ಅವನಿಗೆ" ಎಂದು ಎದ್ದು ಮುಖ ತೊಳೆಯಲು ಹೋದರು. ಹಿಂತಿರುಗಲು ಬಹಳ ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ ಪೋಸ್ಟ್‌ಮಾಸ್ಟರು ಬಂದರು, ಬಗಲಲ್ಲಿ ಫೈಲು. ಹನ್ನೊಂದು ವರ್ಷದ ಮೇಲೆ ಮೊದಲು ಯಾರು ಬಾಯಿ ಬಿಡುವುದು ಎಂದು ಇಬ್ಬರೂ ಬಿಗಿದುಕೊಂಡು ಕುಳಿತರು. ಟೈಲರಮ್ಮ ಎರಡು ಲೋಟ ಟೀ ಕುಕ್ಕಿದಳು.

"ಸಕ್ಕರೆ ಜಾಸ್ತಿ" ಎಂದರು ಪೋಸ್ಟ್‌ಮಾಸ್ಟರು, ಲೋಟಕ್ಕೆ.

"ನಿನಗೆ ಯಾವತ್ತು ಸರಿ ಇತ್ತು" ಎಂದರು ಡ್ರೈವರು, ಗೋಡೆಗೆ.

ಅಲ್ಲಿಗೆ ಮಾತು ಶುರುವಾಯಿತು. ಶುರುವಾದದ್ದು ನಿಲ್ಲಲಿಲ್ಲ. ಹೇಳಿಕೆ ಬರೆಯುವುದು ಪೋಸ್ಟ್‌ಮಾಸ್ಟರು, ತಕರಾರು ತೆಗೆಯುವುದು ಡ್ರೈವರು. ಠಾಣೆಯಲ್ಲಿ ಮೊದಲು ಕೈ ಚಾಚಿದ್ದು ಯಾರು ಎಂಬ ಒಂದೇ ವಾಕ್ಯಕ್ಕೆ ಅರ್ಧ ಗಂಟೆ ಹೋಯಿತು. ಕೊನೆಗೆ ಟೈಲರಮ್ಮ, "ಒಂದೇ ಥರ ಗವಸು ಹೊಲಿದೋಳು ನಾನು. ನನ್ನ ಹೆಸರು ಬರ್ಕೊಂಡು ಮುಂದಿನ ಸಾಲಿಗೆ ಹೋಗಿ" ಎಂದು ಗದರಿದ ಮೇಲೆ, 'ಗವಸುಗಳು ಒಂದೇ ತೆರನಾಗಿದ್ದ ಕಾರಣ ಇಬ್ಬರಿಂದಲೂ ಏಕಕಾಲಕ್ಕೆ ತಪ್ಪಾಗಿರುತ್ತದೆ' ಎಂದು ಇತ್ಯರ್ಥವಾಯಿತು. ಎರಡು ಬಿಲ್ಲು, ಎರಡು ಲೈಸೆನ್ಸು, ಆ ರಸೀದಿ, ಎಲ್ಲವನ್ನೂ ಲಗತ್ತಿಸಿದರು. ಕೊನೆಯ ಸಾಲನ್ನು ಮಾತ್ರ ಪೋಸ್ಟ್‌ಮಾಸ್ಟರು ಯಾರನ್ನೂ ಕೇಳದೆ ಸೇರಿಸಿದರು: 'ಈ ಅವಧಿಯಲ್ಲಿ ಲೈಸೆನ್ಸುಗಳು ಮೂರು ಬಾರಿ ನವೀಕರಣಗೊಂಡಿದ್ದು, ತಮ್ಮ ಕಚೇರಿಯಲ್ಲೂ ಗವಸು ಬಿಚ್ಚಿ ನೋಡಿರುವುದಿಲ್ಲ.'

ಹೇಳಿಕೆ ತಲುಪಿದ ದಿನ ಕಚೇರಿಯಿಂದ ಪೇದೆ ಬಂದು ಎರಡೂ ಬಂದೂಕು ಒಯ್ದ. ಕೊನೆಯ ದಿನಕ್ಕೆ ಒಂದು ದಿನ ಮೊದಲು ಎಲ್ಲರಿಗೂ ಬರಹೇಳಿದರು.

ಅಧಿಕಾರಿಗೆ ನೆಗಡಿಯಾಗಿತ್ತು. ಕರವಸ್ತ್ರದಲ್ಲಿ ಮೂಗೊರೆಸಿಕೊಳ್ಳುತ್ತಾ ಹೇಳಿಕೆಯನ್ನು ಎರಡು ಸಲ ಓದಿದರು. ಎದ್ದು ಹೋಗಿ ಮೇಜಿನ ಮೇಲಿದ್ದ ಎರಡೂ ಬಂದೂಕಿನ ನಂಬರನ್ನು ತಾವೇ ನೋಡಿ, ಬಿಲ್ಲುಗಳಿಗೆ ಹೋಲಿಸಿ ಟಿಕ್ಕು ಹಾಕಿದರು. ಟೈಲರಮ್ಮ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಗಂಡ, ಅವರ ಪಕ್ಕ ಪೋಸ್ಟ್‌ಮಾಸ್ಟರು, ಇಬ್ಬರೂ ಹೋಂವರ್ಕ್ ಮಾಡದ ಮಕ್ಕಳಂತೆ.

"ಇಬ್ಬರ ಮೇಲೂ ಕೇಸು ಹಾಕಬಹುದು. ಗೊತ್ತಾ?"

"ಗೊತ್ತು ಸರ್" ಎಂದರು ಇಬ್ಬರೂ.

ಅಧಿಕಾರಿ ಹೇಳಿಕೆಯ ಕೊನೆಯ ಸಾಲನ್ನು ಮತ್ತೊಮ್ಮೆ ನೋಡಿ ಕೆಮ್ಮಿದರು. "ಮುಚ್ಚಿಟ್ಟು ಸಿಕ್ಕಿಬಿದ್ದಿದ್ರೆ ಹಾಕ್ತಿದ್ದೆ. ನೀವಾಗೇ ಬಂದಿದ್ದೀರಿ. ಎರಡೂ ಲೈಸೆನ್ಸ್ ಇರೋ ಬಂದೂಕೇ, ಯಾವುದೂ ಕಳೆದಿಲ್ಲ, ಯಾವುದರಿಂದಲೂ ಏನೂ ಆಗಿಲ್ಲ. ಎಚ್ಚರಿಕೆ ಕೊಟ್ಟು, ಬಂದೂಕು ಅವರವರ ಹೆಸರಿಗೆ ಸರಿಪಡಿಸಿದೆ ಅಂತ ಬರೀತೀನಿ. ಇಬ್ಬರೂ ಸಹಿ ಹಾಕಿ. ಈ ಸಲ ನೋಡಿ ಹಾಕಿ."

ಟೈಲರಮ್ಮನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಎಂಟು ದಿನದಿಂದ ಎದೆಯ ಮೇಲೆ ಕುಳಿತಿದ್ದ ಚಪ್ಪಡಿಕಲ್ಲು ಎದ್ದುಹೋಯಿತು. ಜೋರಾಗಿ ಅಳೋಣವೆಂದರೆ ಅದು ಸರ್ಕಾರಿ ಕಚೇರಿ, ಸುಮ್ಮನೆ ಮೂಗೆಳೆದುಕೊಂಡಳು. ನೆಗಡಿ ಇವರಿಗೂ ಅಂಟಿತೇನೋ ಎಂದು ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆಳೆದುಕೊಂಡರು.

ಅಷ್ಟರಲ್ಲಿ ಡಾಕ್ಟರಮ್ಮ ಬಂದಳು. ಈಗ ನಿಜವಾಗಿಯೂ ಡ್ರೈವರದಾದ ಬಂದೂಕಿನ ಅಡಿಗೆ ಕನ್ನಡಿ ಹಿಡಿದು, "ಆರು" ಎಂದಳು. ಖಾಲಿ ಜಾಗದಲ್ಲಿ ನಂಬರು ತುಂಬಿದಳು, ತನ್ನ ಸಹಿ ಹಾಕಿದಳು. ಕ್ಲಬ್ಬಿನ ಕಾರ್ಯದರ್ಶಿ ಅವಳ ಕಡೆಯ ಸಾಕ್ಷಿ. ಮಾರುವವರ ಕಡೆ?

"ನಾನು" ಎಂದರು ಪೋಸ್ಟ್‌ಮಾಸ್ಟರು.

"ಮಾರುವವರನ್ನ ಚೆನ್ನಾಗಿ ಬಲ್ಲವರಾಗಿರಬೇಕು" ಎಂದರು ಅಧಿಕಾರಿ. "ಹನ್ನೊಂದು ವರ್ಷದಿಂದ ಮಾತಿಲ್ಲ ಅಂತ ನೀವೇ ಬರೆದಿದ್ದೀರಲ್ಲ."

"ಮಾತಿರಲಿಲ್ಲ ಸರ್. ಪರಿಚಯ ಇತ್ತು."

ಅಧಿಕಾರಿ ಅವರನ್ನೊಮ್ಮೆ ನೋಡಿ ಪೆನ್ನು ಮುಂದೆ ಸರಿಸಿದರು.

ಪೋಸ್ಟ್‌ಮಾಸ್ಟರು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಡ್ರೈವರಿಗೆ ಓದಿ ಹೇಳಿದರು. ನಂಬರನ್ನು ಎರಡು ಸಲ ಓದಿದರು. ಆಮೇಲೆ ಸಹಿಯ ಗೆರೆಯ ಮೇಲೆ ತಮ್ಮ ತೋರುಬೆರಳಿಟ್ಟು, "ಇಲ್ಲಿ ಕಣೋ, ನನ್ನ ಉಗುರಿನ ಪಕ್ಕ" ಎಂದರು. ಡ್ರೈವರು ಮೂರು ಪ್ರತಿಗೂ ಸಹಿ ಹಾಕಿದರು. ಅಕ್ಷರ ಸ್ವಲ್ಪ ಬೆರಳಿನ ಮೇಲೂ ಬಂತು, ಪೋಸ್ಟ್‌ಮಾಸ್ಟರು ಕೈ ತೆಗೆಯಲಿಲ್ಲ. ಧಪ್ ಧಪ್ ಎಂದು ಮೊಹರು ಬಿತ್ತು.

ಸಂಜೆ ಮನೆಯಲ್ಲಿ ಟೈಲರಮ್ಮ ತಮ್ಮ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎತ್ತಿಟ್ಟಳು. ಇಂದು ಮೂರು ಪಟ್ಟು ನಿದ್ದೆ ಮಾಡುತ್ತೇನೆ ಎಂದುಕೊಂಡು ಬಂದು ಗಂಡನ ಪಕ್ಕ ಕುಳಿತಳು. ಅವರು ಖಾಲಿ ಬೀರುವಿನ ಕಡೆ ಮುಖ ಮಾಡಿ ಕುಳಿತಿದ್ದರು. ಬಂದೂಕು ಹೋದದ್ದಕ್ಕೆ ಬೇಜಾರಿರಬೇಕೆಂದು, "ಹೋಗ್ಲಿ ಬಿಡಿ, ಒಳ್ಳೆ ಕೈಗೇ ಹೋಯ್ತಲ್ಲ" ಎಂದಳು.

"ಬಂದೂಕಿನ ಮಾತಲ್ಲ ಕಣೇ. ಆ ಪಂದ್ಯ ಆದ ತಿಂಗಳಿಗೆ ನಾನು ಬಸ್ಸು ಬಿಟ್ಟು ಡಿಪೋದಲ್ಲಿ ಕೂತ್ಕೊಳ್ಳೋ ಕೆಲಸ ಕೇಳಿದೆ. ನಿನಗೆ ಬೆನ್ನು ನೋವು ಅಂದಿದ್ದೆ."

"ಹೌದು. ಮೂರು ವರ್ಷ ಎಣ್ಣೆ ತಿಕ್ಕಿದ್ದೀನಿ."

"ಬೆನ್ನಿಗೆ ಏನೂ ಆಗಿರಲಿಲ್ಲ. ಅವತ್ತು ಹತ್ತಕ್ಕೆ ಹತ್ತು ತಪ್ಪಿದಾಗ ನನ್ನ ಕಣ್ಣು ಹೋಯ್ತು ಅಂದ್ಕೊಂಡೆ. ಅವನು ಸೈಟು ಮುಟ್ಟಿಲ್ಲ ಅಂತ ನನಗೆ ಗೊತ್ತಿತ್ತು. ಅವನು ಅಂಥವನಲ್ಲ. ಆದ್ರೆ ಕಣ್ಣು ಹೋಯ್ತು ಅನ್ನೋದಕ್ಕಿಂತ ಅವನು ಮುಟ್ಟಿದ ಅನ್ನೋದು ಸುಲಭ ಇತ್ತು."

ಟೈಲರಮ್ಮ ಅವರ ಕೈಯನ್ನು ಹಿಡಿದುಕೊಂಡಳು.

"ಡಿಪೋದ ಕಣ್ಣಿನ ಪರೀಕ್ಷೇಲಿ ಪಾಸಾಗ್ತಿದ್ದೆ, ನಿಜ. ಆ ಚಾರ್ಟು ನನಗೆ ಬಾಯಿಪಾಠ ಇತ್ತು, ಅದಕ್ಕೇ ಪಾಸಾಗಿದ್ದು ಅಂದ್ಕೊಂಡೆ. ಸೈಟು ತಿರುಗಿಸಿದ ಮೇಲೆ ಗುರಿ ತಾಗಿತು, ಅದೂ ಕೆಟ್ಟ ಕಣ್ಣಿಗೆ ತಕ್ಕ ಹಾಗೆ ತಿರುಗಿಸಿದ್ದಕ್ಕೆ ಅಂತ ತಿಳ್ಕೊಂಡೆ. ಹಂಗಾದ್ರೆ ಎಷ್ಟು ದಿನದಿಂದ ಕಣ್ಣಿಲ್ಲದೆ ಬಸ್ಸು ಓಡಿಸಿದ್ದೀನಿ? ಎಷ್ಟು ಜನ, ಮಕ್ಕಳು ಮರಿ, ನನ್ನ ನಂಬಿ ಹಿಂದೆ ಕೂತಿದ್ರು? ಇದನ್ನೇ ಲೆಕ್ಕ ಹಾಕ್ತಾ ಹನ್ನೊಂದು ವರ್ಷ ಕಳೆದೆ."

ಬೀದಿಯಲ್ಲಿ ಬಸ್ಸೊಂದು ಹೋಯಿತು. ಅದು ತಿರುವು ದಾಟುವವರೆಗೂ ಅವರು ಕಿವಿಗೊಟ್ಟು ಕೇಳಿದರು.

"ಅವತ್ತು ನನ್ನ ಕಣ್ಣು ಸರಿಯಾಗೇ ಇತ್ತು ಕಣೇ" ಎಂದರು. "ಅಷ್ಟೂ ಜನಾನ ನಾನು ನೋಡ್ಕೊಂಡೇ ಕರ್ಕೊಂಡು ಹೋಗಿದ್ದೀನಿ."